ಕೊನೆಯ ನಲ್ಲಿಯ ನೀರು

ನೀರು ಶುದ್ಧೀಕರಣ ಘಟಕದ ವಸತಿಗೃಹ,
ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಅಪ್ಪಾ,

ನಮಸ್ಕಾರ. ಆಪರೇಷನ್ ಆದ ಕಣ್ಣು ಈಗ ಹೇಗಿದೆ? ಹೊತ್ತಿಗೆ ಸರಿಯಾಗಿ ಔಷಧಿ ಹಾಕಿಸಿಕೊಳ್ಳುತ್ತಿದ್ದೀರೋ, ಇಲ್ಲಾ ಹಠ ಹಿಡಿದು ಪೇಪರ್ ಓದುತ್ತಿದ್ದೀರೋ? ಈ ಪತ್ರವನ್ನು ನೀವೇ ಓದಬೇಡಿ, ತಮ್ಮನ ಕೈಲಿ ಓದಿಸಿ. ಅಮ್ಮ ಚೆನ್ನಾಗಿದ್ದಾಳೆ. ಬೈಯಲು ನೀವು ಸಿಗದೆ ನನ್ನನ್ನೇ ಹಿಡಿದುಕೊಂಡಿದ್ದಾಳೆ.

ನನಗಂತೂ ಸಾಕುಸಾಕಾಗಿದೆ ಅಪ್ಪಾ. ಎರಡು ವಾರದಿಂದ ನದಿಯಲ್ಲಿ ಬರೀ ಕೆಸರು. ಪಟಿಕ ಎಷ್ಟು ಸುರಿದರೂ ತೊಟ್ಟಿಯಲ್ಲಿ ಮಣ್ಣು ಬೇಗ ತಳ ಸೇರುವುದಿಲ್ಲ. ಸೋಸುವ ಮರಳನ್ನು ದಿನಕ್ಕೆರಡು ಸಲ ತೊಳೆಸುತ್ತಿದ್ದೇನೆ. ಜೊತೆಯವನು ರಜೆ, ಇಬ್ಬರ ಕೆಲಸ ನನ್ನೊಬ್ಬಳ ತಲೆಗೆ. ಕ್ಲೋರಿನ್ ಬೆರೆಸಿ ನೀರು ಬಿಟ್ಟ ಮೇಲೆ, ನಿವೃತ್ತಿಯವರೆಗೂ ನೀವು ಮಾಡಿದ ಹಾಗೆ, ಕೊನೆಯ ಬೀದಿಯ ನಲ್ಲಿಯವರೆಗೆ ನಡೆದು, ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಎರಡು ಹನಿ ಔಷಧಿ ಹಾಕಿ ನೋಡಬೇಕಲ್ಲ? ಹಳದಿಯಾದರೆ ಕ್ಲೋರಿನ್ ಅಲ್ಲಿಯವರೆಗೂ ಉಳಿದಿದೆ, ಧೈರ್ಯವಾಗಿ ಕುಡಿಯಬಹುದು. ಆದರೆ ಅಷ್ಟು ದೂರ ನಡೆಯುವಷ್ಟರಲ್ಲಿ ಕಾಲು ಬಿದ್ದೇಹೋಗುತ್ತವೆ.

ಶುಕ್ರವಾರ ಆ ಬೀದಿಯ ಶಾಲೆಯ ಮೇಷ್ಟ್ರು ಬಂದು, "ಆರು ಮಕ್ಕಳಿಗೆ ವಾಂತಿ ಭೇದಿ, ನೀರಿಗೇನಾಗಿದೆ ನೋಡಮ್ಮ" ಅಂದರು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಹನಿ ಹಾಕಿದರೆ ಹಳದಿಯ ಸುಳಿವೇ ಇಲ್ಲ! ಚರಂಡಿಯ ಪಕ್ಕ ಪೈಪು ಒಡೆದು ಕೊಳಕು ಒಳಗೆ ಸೇರುತ್ತಿತ್ತು. ನೀರು ನಿಲ್ಲಿಸಿ ಪೈಪು ಬದಲಾಯಿಸಿದ್ದಾಯಿತು. ಐದು ಮಕ್ಕಳು ಎದ್ದು ಓಡಾಡುತ್ತಿದ್ದಾರೆ. ದರ್ಜಿಯ ಮಗಳು ಮಾತ್ರ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ. ಇಂಜಿನಿಯರು ನನ್ನ ರಿಜಿಸ್ಟರ್ ತಿರುವಿ, "ಹಿಂದಿನ ನಾಲ್ಕು ದಿನಾನೂ ಸರಿಯಿತ್ತು ಅಂತ ಬರ್ದಿದೀಯಲ್ಲ, ಹಂಗಾದ್ರೆ ಪೈಪು ಇವತ್ತೇ ಒಡೆದಿರೋದು. ನಮ್ದೇನೂ ತಪ್ಪಿಲ್ಲ ಬಿಡಮ್ಮ" ಅಂದರು. ನಾನು ಹೌದೆಂದು ತಲೆಯಾಡಿಸಿದೆ.

ತಮ್ಮನಿಗೂ ಅವನ ಹೆಂಡತಿಗೂ ಕೇಳಿದೆನೆಂದು ಹೇಳಿ. ಕಣ್ಣು ಉಜ್ಜಿಕೊಳ್ಳಬೇಡಿ.

ನಿಮ್ಮ ಮಗಳು,
ಗುಬ್ಬಿ

ಇನ್ನೊಂದು ಮಾತು: ತಮ್ಮಾ, ಇದನ್ನು ನುಂಗಬೇಡ, ಪೂರ್ತಿ ಓದು. ಅಪ್ಪಾ, ಆ ನಾಲ್ಕು ದಿನ ನಾನು ಕೊನೆಯ ನಲ್ಲಿಗೆ ಹೋಗಿರಲೇ ಇಲ್ಲ. ಹಿಂದಿನ ದಿನದ ಅಂಕಿಯನ್ನೇ ಇಳಿಸಿದೆ. ಇವತ್ತು ಬೆಳಿಗ್ಗೆ ಇಂಜಿನಿಯರ ಮುಂದೆ ಆ ನಾಲ್ಕೂ ಸಾಲಿಗೆ ಗೀಟೆಳೆದು, "ಪರೀಕ್ಷೆ ಮಾಡಿಲ್ಲ" ಎಂದು ಬರೆದು ಸಹಿ ಹಾಕಿದೆ. ಕೆಲಸ ಉಳಿಯುವುದಿಲ್ಲ. ನಿಮ್ಮ ಮಾತಿನ ಮೇಲೆ ನನ್ನನ್ನು ಸೇರಿಸಿಕೊಂಡವರು, ವಿಚಾರಣೆಗೆ ನಿಮ್ಮನ್ನೂ ಕರೆಯಬಹುದು. "ನನ್ನ ಮಗಳು ಅಂಥವಳಲ್ಲ" ಎಂದು ಮಾತ್ರ ಹೇಳಬೇಡಿ ಅಪ್ಪಾ. ಆಸ್ಪತ್ರೆಯಲ್ಲಿರುವ ಆ ಹುಡುಗಿಯ ತಾಯಿ ಎದುರಿಗೇ ಕೂತಿರುತ್ತಾಳೆ.