ಆಗಸ್ಟ್ ಒಂದರಂದು ಕಾರು ಯಾವ ಕಡೆ

ಜುಲೈ 28, ಸಂಜೆ

ಇವತ್ತೂ ಗಾಡಿ ಯಾವುದಕ್ಕೂ ತಾಗಲಿಲ್ಲ. ಹನ್ನೊಂದು ದಿನ! ಭೂಮಿಯ ದಕ್ಷಿಣ ತುದಿಯ ಈ ಜುಲೈ ಚಳಿಗಾಲದಲ್ಲಿ ಹಿಮ ತಳ್ಳುವ ಗಾಡಿ ಹತ್ತಿದರೆ ಇನ್ನೂ ಎದೆ ಡವಡವ. ಮೇಸ್ತ್ರಿ ಗಾವನ್ ಹೇಳಿದ, “ಒಂದನೇ ತಾರೀಖು ಪಕ್ಕದಲ್ಲೇ ಕೂತು ನೋಡ್ತೀನಿ, ಮೆರಿನ್. ಎಂಟರ ಬಸ್ಸಿಗೆ ದಾರಿ ಆದ್ರೆ ಕೆಲಸ ಪರ್ಮನೆಂಟ್. ಇಲ್ಲಾಂದ್ರೆ ವಾಪಸ್ ಲಾಡ್ಜಿಗೆ.” ಆರು ಚಳಿಗಾಲ ಆ ಲಾಡ್ಜಿನ ಹಾಸಿಗೆ ಮಡಚಿದ್ದೇನೆ. ಸತ್ತರೂ ಹೋಗಲ್ಲ.

ಜುಲೈ 30

ಬೀದಿಯ ಲೂಡೊ ಅಜ್ಜನ ಜೊತೆ ಜಗಳ. ಬೆಸ ತಾರೀಖಿಗೆ ಬೆಸ ನಂಬರಿನ ಮನೆಗಳ ಕಡೆ ಕಾರು, ಸಮ ತಾರೀಖಿಗೆ ಸಮ ನಂಬರಿನ ಕಡೆ. ಖಾಲಿ ಬಿಟ್ಟ ಕಡೆ ನಾನು ತಳ್ಳುತ್ತೇನೆ. ಹಿಂದಿನ ಸಂಜೆಯೇ ಕಾರು ದಾಟಿಸಬೇಕು. ಇಷ್ಟೇ ತಾನೇ? ಅಜ್ಜನ ಹಸಿರು ವ್ಯಾನು ಮಾತ್ರ ಬೆಳಗ್ಗೆ ಆರಾದರೂ ಅಲ್ಲಾಡಿರಲಿಲ್ಲ. “ನಲವತ್ತು ಚಳಿಗಾಲ ನೋಡಿದೀನಿ” ಅಂತೆ. ನೋಡಿದರೆ ಏನಾಯಿತು?

ಜುಲೈ 31, ಸಂಜೆ 6

ರಾತ್ರಿ ಎರಡಡಿ ಹಿಮ ಬೀಳುತ್ತದಂತೆ! ಕೂತಲ್ಲಿ ಕೂರಲಾಗಲಿಲ್ಲ. ಬೀದಿಯ ಬಾಗಿಲೆಲ್ಲ ತಟ್ಟಿದೆ — ಕಾರು ಆಚೆ ಕಡೆ ಹಾಕಿ, ಹಾಕಿ! ಬೇಕರಿ ಟಿಲ್ಡಾ ಚಪ್ಪಲಿಯಲ್ಲೇ ಓಡಿಬಂದಳು. ಇಪ್ಪತ್ತೆರಡು ಕಾರು ಸರಸರ ದಾಟಿದವು. ಅಜ್ಜ ಸೂಪಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತ.

“ತೆಗೆಯಲ್ಲ.”

“ನಿಯಮ ಅಂದ್ರೆ ನಿಯಮ, ಅಜ್ಜಾ. ಬೆಳಗ್ಗೆ ಇಲ್ಲೇ ಇದ್ರೆ ನೋಟಿಸ್ ಅಂಟಿಸ್ತೀನಿ.”

“ಅಂಟಿಸು ತಾಯಿ. ಗೋಂದು ನಾನೇ ಕೊಡ್ತೀನಿ.”

ಮೊಂಡ ಮುದುಕ!

ಆಗಸ್ಟ್ 1, ಬೆಳಗ್ಗೆ 9

ಎಲ್ಲವನ್ನೂ ಬರೆಯಲೇಬೇಕು.

ಆರಕ್ಕೆ ಬೀದಿಗೆ ಗಾಡಿ ತಿರುಗಿಸಿದೆ. ಮೊಣಕಾಲುದ್ದ ಹಿಮ. ಪಕ್ಕದಲ್ಲಿ ಗಾವನ್.

“ಇವತ್ತೆಷ್ಟು ತಾರೀಖು?” ಅಂದ.

“ಒಂದು.”

“ನಿನ್ನೆ?”

“ಮೂವತ್ತೊಂ…”

ಅಯ್ಯೋ ದೇವರೇ. ಎರಡು ದಿನವೂ ಬೆಸ! ಯಾರೂ ಕಾರು ಅಲ್ಲಾಡಿಸಬಾರದಿತ್ತು. ಇಪ್ಪತ್ತೆರಡು ಕಾರು ತಪ್ಪು ಕಡೆ ಹೂತು ಕೂತಿವೆ. ಸರಿಯಾಗಿರುವುದು ಅಜ್ಜನದೊಂದೇ.

“ಯಾರು ಹೇಳಿದ್ದು ಇವರಿಗೆ?”

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ. “ನಾನೇ.”

“ಸರಿ. ಈಗೇನು ಮಾಡ್ತೀಯ?”

ಇಪ್ಪತ್ತೆರಡು ಕಾರು ತೋಡಿ ತೆಗೆಯುವಷ್ಟರಲ್ಲಿ ಬಸ್ಸು ಬಂದೇಬಿಡುತ್ತದೆ. ಬೆಸ ಕಡೆಯೇ ತಳ್ಳಿಬಿಟ್ಟರೆ? ಅಡ್ಡ ಇರುವುದು ಒಂದೇ ಗಾಡಿ… ಯಾರದ್ದು ಅಂತ ಬೇರೆ ಹೇಳಬೇಕೇ. ಬಾಗಿಲು ತಟ್ಟಿದೆ.

“ಗೋಂದು ಬೇಕಾ?” ಅಂದ ಅಜ್ಜ.

“ತಪ್ಪು ನನ್ನದು, ಅಜ್ಜಾ. ಕ್ಷಮಿಸಿ. ವ್ಯಾನು ತೆಗೀತೀರಾ?”

“ನಿಯಮ ಅಂದ್ರೆ ನಿಯಮ, ಅಲ್ವೇನಮ್ಮಾ?”

“ನಿಮಗೆ ಗೊತ್ತಿತ್ತು. ನಿನ್ನೆ ಒಂದು ಮಾತು ಹೇಳಬಾರದಿತ್ತಾ?”

“ನೀನು ಕೇಳಿದ್ಯಾ? ನೋಟಿಸ್ ಅಂದೆ.”

ನಾಚಿಕೆಯಿಂದ ಮುಖ ಸುಟ್ಟಂತಾಯಿತು. ಅಜ್ಜ ಸಲಿಕೆ ತಂದು ಕೈಗಿಟ್ಟ. ತೋಡಿದೆ. ಅಜ್ಜ ಮೆಟ್ಟಿಲ ಮೇಲೆ ನಿಂತು ಬೆರಳು ತೋರಿಸುತ್ತಿದ್ದ: “ಚಕ್ರದ ಹಿಂದೆ ಇನ್ನೂ ಇದೆ. ಇನ್ನೂ ಸ್ವಲ್ಪ.” ಆಮೇಲೆ ಟಿಲ್ಡಾ ಸಲಿಕೆ ಹಿಡಿದು ಬಂದಳು. ಅವಳ ಹಿಂದೆ ಅರ್ಧ ಬೀದಿ! ವ್ಯಾನು ಗುರ್ ಎಂದು ಹೊರಬಿತ್ತು. ಗಾಡಿಗೆ ಓಡಿದೆ, ಒಂದೇ ಉಸಿರಿಗೆ ತಳ್ಳಿದೆ. ಏಳೂ ಐವತ್ತೆರಡಕ್ಕೆ ಬೀದಿಯ ಕೊನೆ! ಎಂಟಕ್ಕೆ ಬಸ್ಸು ಸಲೀಸಾಗಿ ಹೋಯಿತು. ನಾನು ಕಿರುಚಿದ್ದು ಬೆಟ್ಟಕ್ಕೆಲ್ಲ ಕೇಳಿರಬೇಕು.

ಗಾವನ್ ಗಡಿಯಾರ ನೋಡಿ ಇಳಿದು ಹೋದ.

ಆಗಸ್ಟ್ 1, ಮಧ್ಯಾಹ್ನ 3

ಫೋನ್ ಬಂತು! ಗಾವನ್!

“ಬಾಯಿಬಿಟ್ಟು ನಾನೇ ಅಂದ್ಯಲ್ಲ, ಅಷ್ಟು ಸಾಕು. ನಾಳೆಯಿಂದ ನಾನು ಬರಲ್ಲ. ಗಾಡಿ ನಿಂದೇ.”

ಪರ್ಮನೆಂಟ್! ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಟೀ ಚೆಲ್ಲಿತು, ಚೆಲ್ಲಲಿ. ನಾಳೆ ಎರಡು, ಸಮ. ಕಾರುಗಳೆಲ್ಲ ಸಮ ಕಡೆಯೇ ಇವೆ. ಅಂದರೆ ಯಾರೂ ಅಲ್ಲಾಡಿಸಬಾರದು. ಸಂಜೆ ಎಲ್ಲರಿಗೂ ಹೇಳಿದರಾಯಿತು. ಕಿಟಕಿಯಾಚೆ ಏನೋ ಸದ್ದು… ಟಿಲ್ಡಾ. ಕಾರು ಸ್ಟಾರ್ಟ್ ಮಾಡುತ್ತಿದ್ದಾಳೆ. ಪಕ್ಕದ ಮನೆಯವರೂ! ಅಯ್ಯೋ, ಬೆಸ ಕಡೆಗೆ ದಾಟಿಸ್ತಾ ಇದ್ದಾರೆ, ಓಡಬೇಕು—