ಒಪ್ಪಿಗೆ ಇದೆಯೇನಮ್ಮಾ

ಬಂಗಾರಪೇಟೆ
೧೬ ನವೆಂಬರ್ ೨೦೨೫, ಭಾನುವಾರ

ಮುದ್ದಿನ ಸುಮಿತಾ,

ಅಮ್ಮ ಬರೆಯುತ್ತಿದ್ದೇನೆ. ಕೈಬರಹ ನೋಡಿದ ಕೂಡಲೇ ಹರಿದು ಹಾಕಬೇಡ, ಕೊನೆಯವರೆಗೂ ಓದು. ಹೊಸ ಫೋನಿನಲ್ಲಿ ನೀನು ನನ್ನ ನಂಬರ್ ಬ್ಲಾಕ್ ಮಾಡಿ ಎಂಟು ತಿಂಗಳಾಯಿತು. ಹೊಸೂರಿನ ನಿನ್ನ ಹಾಸ್ಟೆಲಿನ ವಿಳಾಸ ನನಗೆ ಸಿಕ್ಕಿದ್ದು ನಿನ್ನ ಲಾಯರು ಕಳಿಸಿದ ನೋಟಿಸಿನಿಂದ. ಹೆತ್ತ ಮಗಳು ಎಲ್ಲಿದ್ದಾಳೆ ಎಂದು ಲಾಯರ ಕಾಗದದಲ್ಲಿ ಓದಿ ತಿಳಿದುಕೊಂಡೆ. ಇರಲಿ. ಹಾಸ್ಟೆಲಿನ ಅನ್ನಕ್ಕೆ ಸೋಡಾ ಹಾಕುತ್ತಾರಂತೆ, ಹೊಟ್ಟೆ ಕೆಡಿಸಿಕೊಳ್ಳಬೇಡ.

ನೋಟಿಸನ್ನು ಅಂಗನವಾಡಿಯಲ್ಲಿ, ಮಕ್ಕಳು ಮಲಗಿದ್ದಾಗ ಓದಿದೆ. "ವಂಚನೆಯಿಂದ ಮಾಡಿಸಿದ ವಿವಾಹ ನೋಂದಣಿ" ಎಂದು ಬರೆದಿದ್ದಾರೆ. ನನ್ನ ಹೆಸರು, ಗಿರಿಯ ಹೆಸರು, ಪತ್ರ ಬರೆದುಕೊಟ್ಟ ಚಿಕ್ಕಮುನಿಯಪ್ಪನ ಹೆಸರು, ಮೂರೂ ಇವೆ. "ಹೆಂಗಮ್ಮಾ ಮನಸ್ಸು ಬಂತು ನಿಂಗೆ?" ಎಂದು ಫೆಬ್ರವರಿಯಲ್ಲಿ ನೀನು ಕೇಳಿದ್ದೆ. ಈಗ ಹೇಳುತ್ತೇನೆ. ನ್ಯಾಯಾಧೀಶರ ಮುಂದೆ ಮೊದಲ ಸಲ ಕೇಳುವುದಕ್ಕಿಂತ ಅಮ್ಮನಿಂದಲೇ ಕೇಳಿಕೊಂಡರೆ ವಾಸಿ.

ನೀನು ರಾಬರ್ಟ್‌ಸನ್‌ಪೇಟೆಯ ಕಾಲೇಜಿಗೆ ಹೋಗುತ್ತಿದ್ದ ಕಾಲ. ನಿನ್ನ ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಒಂದು ದಿನ ಬಸ್‌ಸ್ಟಾಂಡಿನಲ್ಲಿ ನಿನ್ನನ್ನು ನೋಡಿದೆ. ಪಕ್ಕದಲ್ಲಿ ಒಬ್ಬ ಹುಡುಗ. ನಿನ್ನ ಬ್ಯಾಗು ಅವನ ಹೆಗಲ ಮೇಲಿತ್ತು. ವಿಚಾರಿಸಿದೆ. ಚಾಂಪಿಯನ್ ರೀಫ್ಸ್‌ನ ಸೆಲ್ವರಾಜನ ಮಗ, ರಾಜ್‌ಕುಮಾರ್. ತಮಿಳರು, ಬೇರೆ ಜಾತಿ, ಗಣಿಯ ಹಳೇ ಲೈನ್ ಮನೆಯಲ್ಲಿ ಆರು ಜನ. ನಿನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ನೀನು ಸುಳ್ಳು ಹೇಳುತ್ತಿದ್ದೆ, ನನಗೆ ನಿನ್ನ ಸುಳ್ಳು ಬೇಕಿರಲಿಲ್ಲ. ನಿನಗೆ ಹದಿನೆಂಟು ತುಂಬಲು ಐದು ತಿಂಗಳಿತ್ತು. ನನ್ನ ಕೆಲಸವೇ ಅದಲ್ಲವೇ, ಊರಿನ ಹೆಣ್ಣುಮಕ್ಕಳಿಗೆ ಹದಿನೆಂಟು ತುಂಬದೆ ಯಾರೂ ತಾಳಿ ಕಟ್ಟದಂತೆ ನೋಡಿಕೊಳ್ಳುವುದು? ನಿನ್ನ ವಿಷಯದಲ್ಲೂ ಕಾನೂನು ಮೀರಲಿಲ್ಲ. ಐದು ತಿಂಗಳು ಕಾದೆ.

ಗಿರಿಯನ್ನು ಕರೆಸಿದೆ. ನಿನ್ನ ಸೋದರಮಾವ, ನನ್ನ ಒಡಹುಟ್ಟಿದವನು. ನಮ್ಮಲ್ಲಿ ಮಾವನಿಗೆ ಕೊಡುವುದು ಹೊಸದಲ್ಲ. ಅವನು ಒಪ್ಪಲಿಲ್ಲ ಎಂಬುದನ್ನು ನೀನು ತಿಳಿಯಬೇಕು. "ಬ್ಯಾಡಕ್ಕಾ, ಎತ್ತಿ ಆಡ್ಸಿದ ಮಗು ಅದು. ಅದ್ರ ಮಕ ನೋಡಕ್ಕಾಗಲ್ಲ ನನ್ ಕೈಲಿ" ಎಂದು ಅತ್ತ. "ತಾಳಿ ಕಟ್ಟು ಅನ್ಲಿಲ್ಲ ಕಣ್ಲಾ, ಸೈನ್ ಆಕು ಅಂದೆ. ಅಮ್ಮ ಸತ್ತಾಗ ನಿನ್ನ ಸಾಕ್ದೋಳು ಯಾರ್ಲಾ?" ಎಂದೆ. ಮಾರನೇ ದಿನ ಆಧಾರ್ ಕಾರ್ಡು ತಂದು ಕೊಟ್ಟ. ಮದುವೆ ನೋಂದಣಿಯ ಕಾಗದವೊಂದು ನನ್ನ ಟ್ರಂಕಿನಲ್ಲಿ ಇದ್ದರೆ ಸಾಕು, ನೀನು ಯಾವ ಕಚೇರಿಗೂ ಇನ್ನೊಬ್ಬನ ಜೊತೆ ಹೋಗಲಾರೆ ಎಂಬುದಷ್ಟೇ ನನ್ನ ಲೆಕ್ಕ.

ನೋಂದಣಿಗೆ ಮದುವೆಯ ಫೋಟೋ ಬೇಕು, ಲಗ್ನಪತ್ರಿಕೆ ಬೇಕು, ಮೂರು ಸಾಕ್ಷಿ ಬೇಕು ಎಂದು ಚಿಕ್ಕಮುನಿಯಪ್ಪ ಹೇಳಿದ. ಸಾಕ್ಷಿಗಳನ್ನು ಅವನೇ ಕರೆತಂದ. ಪತ್ರಿಕೆಯನ್ನು ನಾನು ಅಚ್ಚು ಹಾಕಿಸಿದೆ. ಐದೇ ಕಾರ್ಡು ಸಾಕು ಎಂದರೆ ಪ್ರೆಸ್ಸಿನವನು ಐವತ್ತಕ್ಕೆ ಕಡಿಮೆ ಆಗಲ್ಲ ಅಂದ. ಮಿಕ್ಕಿದ್ದನ್ನು ನೀರೊಲೆಗೆ ಹಾಕಿದೆ. ಆ ನೀರಿನಲ್ಲಿ ನೀನು ಸ್ನಾನ ಮಾಡಿ ಕಾಲೇಜಿಗೆ ಹೋದೆ. ಇನ್ನು ಫೋಟೋ. ನೀನು ಮೈನೆರೆದಾಗ ಒಸಗೆ ಮಾಡಿದೆವಲ್ಲ, ಗಿರಿ ಮಾವ ಹಸಿರು ಸೊಪ್ಪಿನ ಗುಡ್ಲು ಹಾಕಿ, ಸೀರೆ ತಂದು, ಹಾರ ಹಾಕಿ ನಿನ್ನ ಪಕ್ಕದಲ್ಲಿ ನಿಂತಿದ್ದನಲ್ಲ, ಆ ಫೋಟೋ ಕೊಟ್ಟೆ. ಆಗ ನಿನಗೆ ಹದಿನಾಲ್ಕು. ಗುಮಾಸ್ತ ಫೋಟೋ ನೋಡಿ, ಹುಡುಗಿ ಚಿಕ್ಕವಳ ಹಾಗೆ ಕಾಣುತ್ತಾಳಲ್ಲ ಎಂದ. ನಾನು ನಕ್ಕು, ನಮ್ಮ ಮನೆಯವರೆಲ್ಲ ಹಾಗೇ, ವಯಸ್ಸು ಗೊತ್ತಾಗಲ್ಲ ಎಂದೆ. ಅಂಗನವಾಡಿ ಟೀಚರ್ ಮಾತು ಎಂದು ನಂಬಿದ.

ನಿನಗೆ ಹೇಳಿದ್ದು ನೆನಪಿದೆಯಲ್ಲ. ಅಪ್ಪನ ಅರ್ಧ ಎಕರೆ ನಿನ್ನ ಹೆಸರಿಗೆ ಮಾಡಿಸುತ್ತಿದ್ದೇನೆ, ಬಂದು ಬೆರಳು ಒತ್ತಬೇಕು ಎಂದಿದ್ದೆ. ನೀನು ಎಷ್ಟು ಖುಷಿಯಾಗಿದ್ದೆ. ಅಪ್ಪನ ಜಮೀನು ಎಂದು ನೀಲಿ ಚೂಡಿದಾರ ಹಾಕಿ, ಕುಂಕುಮ ಇಟ್ಟುಕೊಂಡು ಬಂದೆ. ಕಚೇರಿಯಲ್ಲಿ ಕ್ಯಾಮೆರಾ ನೋಡು ಎಂದರೆ ನೋಡಿದೆ. ಗಿರಿ ಮಾವ ಸಾಕ್ಷಿಗೆ ಎಂದು ತಿಳಿದು ಅವನ ಪಕ್ಕ ನಿಂತೆ. ಅವನು ಗೋಡೆಗೆ ಒರಗಿಕೊಂಡಿದ್ದನ್ನು ಕಂಡು "ಯಾಕ್ ಮಾವ, ಜ್ವರಾನಾ?" ಎಂದು ಕೇಳಿದೆ. ಅಧಿಕಾರಿ ಒಳ್ಳೆಯ ಮನುಷ್ಯ. ಎಲ್ಲರಿಗೂ ಕೇಳುವ ಹಾಗೆ ನಿನಗೂ ಕೇಳಿದ: "ಒಪ್ಪಿಗೆ ಇದೆಯೇನಮ್ಮಾ?" ನೀನು "ಹೂಂ ಸಾರ್" ಎಂದೆ. ಎರಡು ಕಡೆ ಸಹಿ ಹಾಕಿದೆ, ಎಷ್ಟು ಮುದ್ದಾದ ಅಕ್ಷರ. ಆ ಅಕ್ಷರ ಕಲಿಸಿದವಳು ನಾನು. ಓದಿ ನೋಡಿ ಸಹಿ ಹಾಕು ಎಂಬುದನ್ನು ಮಾತ್ರ ಕಲಿಸಿರಲಿಲ್ಲ.

ಕಚೇರಿಯಿಂದ ಬಂದು ನಿನಗೆ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದೆ. ಗಿರಿ ತಿನ್ನಲಿಲ್ಲ.

ಮರುವರ್ಷ ಗಿರಿ ಕಲಾಳನ್ನು ಮದುವೆಯಾದ. ಹೆಣ್ಣು ನೋಡಿದವಳು ನಾನೇ. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿದೆ. ಆ ಮದುವೆಯ ರಿಜಿಸ್ಟ್ರೇಷನ್ ಯಾಕೆ ಮಾಡಿಸಲಿಲ್ಲ ಎಂದು ಕಲಾ ಈಗಲೂ ಕೇಳುತ್ತಾಳೆ. ಆಮೇಲೆ ಮಾಡಿಸೋಣ ಎನ್ನುತ್ತಾ ಬಂದಿದ್ದೇವೆ. ನೀನು ಅವಳ ಮದುವೆಯಲ್ಲಿ ಆರತಿ ಎತ್ತಿದೆ, ಅವಳ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ನಾನು ನೋಡುತ್ತಾ ಇದ್ದೆ. ಒಂದೊಂದು ಸಲ ಎದ್ದು ಒಳಗೆ ಹೋಗುತ್ತಿದ್ದೆ. ಆಮೇಲೆ ಅಭ್ಯಾಸವಾಯಿತು.

ಈ ವರ್ಷದ ಜನವರಿಯಲ್ಲಿ ಯಾರದೋ ಜನನ ಪತ್ರದ ಕೆಲಸಕ್ಕೆ ಹೋದವಳು ಪಕ್ಕದ ನೋಂದಣಿ ಕಚೇರಿಯ ಬೋರ್ಡಿನ ಮುಂದೆ ನಿಂತೆ. ಮೂವತ್ತು ದಿನದ ಒಳಗೆ ಆಕ್ಷೇಪಣೆ ಇದ್ದರೆ ಸಲ್ಲಿಸಿ ಎಂಬ ನೋಟಿಸು. ನಿನ್ನ ಫೋಟೋ, ಪಕ್ಕದಲ್ಲಿ ರಾಜ್‌ಕುಮಾರನ ಫೋಟೋ. ಅಮ್ಮನಿಗೆ ಹೇಳದೆ ನೀನು ಅಷ್ಟು ದೂರ ಹೋಗಿದ್ದೆ. ಜಾತಿಗೆ ಹೆದರಿದೆ, ನಿನ್ನ ದೊಡ್ಡಪ್ಪಂದಿರಿಗೆ ಹೆದರಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ನಿನಗೆ ನಿಜ ಹೇಳುತ್ತೇನೆ ಕಂದ. ಆ ಫೋಟೋದಲ್ಲಿ ನೀನು ನಗುತ್ತಿದ್ದೆ. ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ನೀನು ಹಾಗೆ ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ಎರಡು ಹೊತ್ತು ನಾನು ಬೇಯಿಸಿ ಹಾಕಿದ್ದಕ್ಕೆ ಬಾರದ ನಗು ಅವನಿಗೆ ಹೇಗೆ ಬಂತು ಎಂದು ಹೊಟ್ಟೆ ಉರಿಯಿತು. ಮನೆಗೆ ಬಂದು ಟ್ರಂಕು ತೆಗೆದೆ.

ನಾನು ಸಲ್ಲಿಸಿದ ಆಕ್ಷೇಪಣೆಯ ವಿಚಾರಣೆಯ ದಿನ ನೀನು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಏನೋ ಚಿಕ್ಕ ತಪ್ಪಿರಬೇಕು, ಹೆಸರಿನ ಅಕ್ಷರದ ತಪ್ಪು ಎಂದು ತಿಳಿದಿದ್ದೆಯಂತೆ. ಅಧಿಕಾರಿ ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟು, ನೀವು ಆಗಲೇ ವಿವಾಹಿತೆ ಎಂದಾಗ ನೀನು ಗಿರಿಯ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ಸಹಿ ನಿಮ್ಮದೇನಾ ಎಂದರು. ನಿನ್ನದೇ. ಫೋಟೋ, ಬೆರಳು ಎಲ್ಲ ನಿನ್ನವೇ. "ಅಮ್ಮಾ, ಇದು ಜಮೀನಿಂದು ಅಲ್ವಾ? ಹೇಳಮ್ಮಾ ಅವ್ರಿಗೆ" ಎಂದು ನನ್ನ ಸೆರಗು ಹಿಡಿದುಕೊಂಡೆ.

ಆಗ ರಾಜ್‌ಕುಮಾರ್ ಎದ್ದು ನನ್ನ ಮುಂದೆ ಬಂದ. "ಆಂಟಿ, ನೀವ್ ಒಂದ್ ಮಾತ್ ಹೇಳಿ. ನಿಜಾನಾ ಇದು?" ಎಂದ.

ನಿಜ ಕಣಪ್ಪ ಎಂದೆ. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು, ನಾನು ಜೈಲಿಗೆ ಹೋಗುತ್ತಿದ್ದೆ, ಅಷ್ಟೇ. ಎರಡು ಅಕ್ಷರದ ಕೆಲಸ. ನಾಲಿಗೆ ಮೇಲೆ ಬಂದದ್ದು ಇನ್ನೊಂದು. ಅವನಪ್ಪ ಸೆಲ್ವರಾಜ್ ಬಾಗಿಲಲ್ಲಿ ನಿಂತಿದ್ದ. "ವಾಡಾ, ಪೋಲಾಂ" ಎಂದು ಮಗನ ತೋಳು ಹಿಡಿದು ಎಳೆದುಕೊಂಡು ಹೋದ. ರಾಜ್‌ಕುಮಾರ್ ತಿರುಗಿ ನೋಡಲಿಲ್ಲ.

ಅವತ್ತೇ ನಿನ್ನ ಫೋನು ಕಿತ್ತುಕೊಂಡೆ. ನಿನ್ನ ಮುತ್ಯಾಲಮ್ಮತ್ತೆಯ ಮನೆಯಲ್ಲಿ ಇಪ್ಪತ್ತು ದಿನ ಇರಿಸಿದೆ. ಅಲ್ಲಿಂದ ನೀನು ಹೊಸೂರಿನ ಕಂಪನಿಗೆ ಓಡಿಹೋದೆ. ಹೋಗುವ ಹಿಂದಿನ ದಿನ ಕೈಗೆ ಸಿಕ್ಕ ಅತ್ತೆಯ ಫೋನಿನಿಂದ ಅವನಿಗೆ ಮೇಲಿಂದ ಮೇಲೆ ಮಾಡಿದೆಯಂತೆ, ಕೊನೆಗೊಮ್ಮೆ ಎತ್ತಿ ನಿನ್ನ ಧ್ವನಿ ಕೇಳಿ ಇಟ್ಟುಬಿಟ್ಟನಂತೆ. ಅತ್ತೆ ಹೇಳಿದಳು, ನೀನು ಅಳಲೂ ಇಲ್ಲವಂತೆ, ಸುಮ್ಮನೆ ಕೊಡ ಎತ್ತಿಕೊಂಡು ನೀರಿಗೆ ಹೋದೆಯಂತೆ.

ಈಗ ನಾನು ಈ ಕಾಗದ ಬರೆದ ಕಾರಣಕ್ಕೆ ಬರುತ್ತೇನೆ. ನಾನೇ ಕಚೇರಿಗೆ ಹೋಗಿ, ಆ ನೋಂದಣಿ ಹೊಡೆದು ಹಾಕಿ ಎಂದು ಕೇಳಿದೆ. ಅವರಿಂದ ಆಗದಂತೆ. ಕೋರ್ಟೇ ಆಗಬೇಕು. ಕೋರ್ಟಿನಲ್ಲಿ ಎರಡು ದಾರಿ. ಒಂದು ನೀನು ಹಿಡಿದದ್ದು, ವಂಚನೆ ಎಂದು ಸಾಬೀತು ಮಾಡುವುದು. ಹಾಗೆ ಮಾಡಿದರೆ ನನ್ನ ಕೆಲಸ ಹೋಗುತ್ತದೆ, ಗಿರಿ ಜೈಲಿಗೆ ಹೋಗುತ್ತಾನೆ, ಕಲಾಳಿಗೆ ಈಗ ಎರಡನೆಯದು ಏಳು ತಿಂಗಳು. ಗಂಡನ ಇನ್ನೊಂದು ಮದುವೆಯ ವಿಷಯ ಅವಳು ಪೊಲೀಸರ ಬಾಯಲ್ಲಿ ಕೇಳಬೇಕೇ? ಇನ್ನೊಂದು ದಾರಿ, ಇಬ್ಬರೂ ಒಪ್ಪಿ ವಿಚ್ಛೇದನ ತೆಗೆದುಕೊಳ್ಳುವುದು. ಅದಕ್ಕೆ ನೀನು, ಗಿರಿ ಮಾವನ ಜೊತೆ ಹೆಂಡತಿಯಾಗಿ ಎಂಟು ತಿಂಗಳು ಬಾಳಿದೆ, ಆಮೇಲೆ ಹೊಂದಿಕೆಯಾಗಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬೇಕು. ಅರ್ಜಿ ಸಿದ್ಧವಾಗಿದೆ, ಗಿರಿ ಸಹಿ ಹಾಕಿದ್ದಾನೆ. ನಿನ್ನ ಸಹಿಯ ಜಾಗದಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿ ಇದರ ಜೊತೆ ಇಟ್ಟಿದ್ದೇನೆ. ವಿಚ್ಛೇದಿತೆ ಎಂದು ಬರೆಯುತ್ತಾರೆ, ಬರೆಯಲಿ. ನಿನಗೆ ಇನ್ನೂ ಇಪ್ಪತ್ತೆರಡು. ನಾಳೆ ಯಾರಾದರೂ ಒಳ್ಳೆಯ ಕಡೆಯವರು ಸಿಗುತ್ತಾರೆ.

ಈ ಸಲ ಓದಿಯೇ ಸಹಿ ಹಾಕು. ನಾನೇನೂ ಮುಚ್ಚಿಟ್ಟಿಲ್ಲ.

ಅಲ್ಲಿದ್ದಾಗ ನಿನ್ನ ಕೂದಲು ಉದುರುತ್ತಿತ್ತು ಎಂದು ಅತ್ತೆ ಹೇಳಿದಳು. ಕೊಬ್ಬರಿ ಎಣ್ಣೆಗೆ ಕರಿಬೇವು ಹಾಕಿ ಕಾಯಿಸಿ ಕಳಿಸಲೇ?

ನಿನ್ನನ್ನು ಹೆತ್ತವಳು,
ಶಶಿರೇಖ

ಸಹಿ ಮಾಡಿ ಕವರಿಗೆ ಹಾಕಿದ ಮೇಲೆ ಮತ್ತೆ ತೆಗೆದು ಬರೆಯುತ್ತಿದ್ದೇನೆ: ರಾಜ್‌ಕುಮಾರ್ ನಿನ್ನನ್ನು ಬಿಟ್ಟುಹೋದ ಎಂದು ನೀನು ತಿಳಿದಿದ್ದೀಯ. ನೀನು ಅತ್ತೆಯ ಮನೆಯಲ್ಲಿದ್ದ ಆ ಇಪ್ಪತ್ತು ದಿನದಲ್ಲಿ ಅವನು ಮೂರು ಸಲ ಬಂದಿದ್ದ. ಎರಡು ಸಲ ಬಾಗಿಲು ತೆಗೆಯಲಿಲ್ಲ. ಮೂರನೇ ಸಲ ಅಂಗನವಾಡಿಗೇ ಬಂದ. "ಆಂಟಿ, ವಕೀಲರನ್ನ ಕೇಳ್ದೆ. ಸುಳ್ ಮದ್ವೆ ಆದ್ರೆ ಕ್ಯಾನ್ಸಲ್ ಮಾಡ್ಬೋದಂತೆ. ನಿಜಾನೇ ಆಗಿದ್ರೂ ಪರ್ವಾಗಿಲ್ಲ, ಡೈವರ್ಸ್ ಆಗೋವರ್ಗೂ ಕಾಯ್ತೀನಿ. ಅವ್ಳ್ ಎಲ್ಲವ್ಳೆ, ಅಷ್ಟ್ ಹೇಳಿ ಸಾಕು" ಎಂದ. ನೀನು ಗಿರಿಯ ಮನೆಯಲ್ಲಿದ್ದೀಯ, ನಿನಗೆ ಮೂರು ತಿಂಗಳು ಎಂದು ಹೇಳಿದೆ. ಮಕ್ಕಳ ಸಣ್ಣ ಕುರ್ಚಿಯ ಮೇಲೆ ಕೂತ. ಮಕ್ಕಳ ಊಟ ಮುಗಿಯುವವರೆಗೂ ಏಳಲಿಲ್ಲ. ಹೋಗುವಾಗ, ಅವಳನ್ನು ಚೆನ್ನಾಗಿ ನೋಡಿಕೊಳ್ಳಿ ಎಂದ. ನೀನು ಅವನಿಗೆ ಫೋನು ಮಾಡಿದ್ದು ಅದಾದ ಮೇಲೆ. ಸೆಪ್ಟೆಂಬರಿನಲ್ಲಿ ಅವನ ಮದುವೆಯಾಯಿತು. ಹುಡುಗಿಯ ಹೆಸರು ಪುಷ್ಪ. ಕಚೇರಿಯಲ್ಲಿ ನೋಂದಣಿಯೂ ಆಯಿತಂತೆ, ಯಾರ ಆಕ್ಷೇಪಣೆಯೂ ಇರಲಿಲ್ಲವಂತೆ.