ಅಪ್ಪನ ಕೆಮ್ಮಿನ ತಾಳ

ಡಿ. 3, ಬೆಳಗ್ಗೆ

ಎಂಟೂವರೆಗೆ ಕೌಂಟರ್ ತೆರೆದೆ. ಬಿಲ್ ರೋಲ್ ಹಾಕಿದೆ. ಇವತ್ತಿನಿಂದ ಅಂಗಡಿಯಲ್ಲಿ ಕ್ರಿಸ್‌ಮಸ್ ಹಾಡುಗಳು. ಹೆಡ್ ಆಫೀಸಿನಿಂದಲೇ ಬರುತ್ತವೆ, ನಿಲ್ಲಿಸುವ ಸ್ವಿಚ್ಚು ಮ್ಯಾನೇಜರ್ ಹತ್ತಿರವೂ ಇಲ್ಲ. ಹಳೆಯ ಹಾಡುಗಳೇ, ಕೆಳಗೆ ಡ್ರಮ್ಸ್ ತುರುಕಿದ್ದಾರೆ. ಶಿಶು ಯೇಸುವಿಗೆ ಜೋಗುಳ ಹಾಡುವುದಕ್ಕೂ ಡಿಸ್ಕೊ. ಮಗು ಮಲಗಿದ ಹಾಗೇ!

ಆರನೆಯ ಹಾಡು ಬಂದಾಗ ಸೋಪು ಸ್ಕ್ಯಾನ್ ಮಾಡುತ್ತಿದ್ದೆ. ಕೈ ನಿಂತಿತು. ಅಪ್ಪನ ದನಿ.

ಸಂಜೆ

ತಪ್ಪು ನನ್ನದೇ. ಅಪ್ಪ ಹೋಗಿ ಆರು ವರ್ಷ. ಚರ್ಚಿನ ಗಾಯನ ತಂಡದಲ್ಲಿ ಅವರು ಒಬ್ಬರೇ ಹಾಡಿದ ನಾಲ್ಕು ಸಾಲು ಒಂದೇ ಒಂದು ಕ್ಯಾಸೆಟ್ಟಿನಲ್ಲಿತ್ತು. ಗರಗರ ಸದ್ದು ತೆಗೆಸಿ ಹಬ್ಬಕ್ಕೆ ಅಮ್ಮನಿಗೆ ಕೊಡೋಣ ಎಂದು ಜುಲೈಯಲ್ಲಿ ರೀಮಿಕ್ಸ್ ಮಾಡುವವನ ಕೈಗೆ ಕೊಟ್ಟೆ. ಅಮ್ಮನಿಗೆ ‘ರಿಪೇರಿಗೆ’ ಎಂದಿದ್ದೆ. ವಾರಕ್ಕೊಮ್ಮೆ ಕೇಳುತ್ತಾಳೆ, ಬಂತಾ ಎಂದು.

ಮೂರನೆಯ ಸಾಲಾದ ಮೇಲೆ ಅಪ್ಪ ಕೆಮ್ಮುತ್ತಾರೆ. ಆಮೇಲೆ ಕೊನೆಯ ಸಾಲು. ಅಮ್ಮನಿಗೆ ಆ ಕೆಮ್ಮೆಂದರೆ ಪ್ರಾಣ. “ಹಿಂದಿನ ದಿನ ಐಸ್‌ಕ್ರೀಮ್ ಬೇಡ ಅಂದ್ರೆ ಕೇಳಿದ್ರಾ?” ಎಂದು ಪ್ರತಿ ಸಲ ಬೈದು ನಗುತ್ತಾಳೆ.

ಆ ಕೆಮ್ಮನ್ನೇ ಅವನು ತಾಳ ಮಾಡಿದ್ದಾನೆ. ಖೊಕ್-ಖೊಕ್. ಖೊಕ್-ಖೊಕ್. ಒಬ್ಬ ಗಿರಾಕಿ ಅದಕ್ಕೆ ಭುಜ ಕುಣಿಸಿದ. ನನಗೂ ನಗು ಬಂತು. ಸ್ಟೋರ್ ರೂಮಿಗೆ ಹೋಗಿ ಅತ್ತೆ.

ಡಿ. 5

ರೀಮಿಕ್ಸ್ ಮಾಡುವವನಿಗೆ ಫೋನ್ ಮಾಡಿದೆ. “ಅಕ್ಕ, ಟೇಪು ಮೆಷಿನ್ನಿಗೆ ಸುತ್ಕೊಂಡು ಪುಡಿಪುಡಿ ಆಗೋಯ್ತು. ಹೇಳೋಕೆ ಧೈರ್ಯ ಬರ್ಲಿಲ್ಲ. ಕೆಮ್ಮಿನ ತನಕ ಮಾತ್ರ ಉಳಿದಿದ್ದು.”

“ಅಷ್ಟಾದ್ರೂ ಕೊಡಪ್ಪ.”

“ನಿಮ್ಮ ಅಂಗಡಿಯವ್ರಿಗೆ ಮಾರ್ಬಿಟ್ಟಿದೀನಿ ಅಕ್ಕ. ಇನ್ನು ಯಾರಿಗೂ ಕೊಡೋ ಹಾಗಿಲ್ಲ.”

ಬಾಯಿಗೆ ಬಂದ ಹಾಗೆ ಬೈಯಬೇಕಿತ್ತು. ‘ಆಯ್ತಪ್ಪ’ ಎಂದು ಇಟ್ಟೆ. ಎಂಥ ಬಾಯಿಯೋ ನನ್ನದು.

ಡಿ. 11

ಅಂಗಡಿಯಲ್ಲಿ ಆ ಹಾಡು ಬಂದಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಅಪ್ಪನಿಗಿಂತ ಸ್ಕ್ಯಾನರಿನ ಬೀಪ್ ಜೋರು. ಇನ್ನೊಂದು ಸಲ — ಮಧ್ಯದಲ್ಲಿ ಟೂತ್‌ಪೇಸ್ಟ್ ಆಫರಿನ ಘೋಷಣೆ. ಆ ಹಾಡಿನ ಒಂದು ಪ್ರತಿ ಕೊಡಿ ಎಂದು ಹೆಡ್ ಆಫೀಸಿಗೆ ಬರೆದೆ. ‘ನಿಮ್ಮ ಸಲಹೆಗೆ ಧನ್ಯವಾದ’ ಎಂದು ಉತ್ತರ. ಸಲಹೆಯಂತೆ!

ದಿನಕ್ಕೆ ಒಂಬತ್ತು ಸಲ. ಕೆಮ್ಮುತ್ತಾ ಕೆಮ್ಮುತ್ತಾ ಹಾಡು ಸಣ್ಣಗಾಗಿ ಕರಗುತ್ತದೆ. ಕೊನೆಯ ಸಾಲು ಇಲ್ಲ.

ಡಿ. 24

ಕನ್ನಡಕ ಮನೆಯಲ್ಲೇ ಬಿಟ್ಟಿದ್ದೆ. ತಂದುಕೊಡಲು ಅಮ್ಮ ಬಂದಳು. “ಸರಿ, ಹೊರಡು ಹೊರಡು, ರಶ್ ಇದೆ” ಎಂದು ಬಾಗಿಲಿನ ಕಡೆ ತಳ್ಳಿದೆ. ಬ್ರೆಡ್ ರ‍್ಯಾಕಿನ ಹತ್ತಿರ ಹೋಗುವಷ್ಟರಲ್ಲಿ ಖೊಕ್-ಖೊಕ್. ನಿಂತಳು.

“ನಿಮ್ಮಪ್ಪ ಕಣೇ.”

ಎಲ್ಲ ಹೇಳಿದೆ. ಕ್ಯೂನಲ್ಲಿದ್ದವರ ಎದುರಿಗೇ.

“ಪುಡಿಪುಡಿ ಆಯ್ತಾ?” ಅಷ್ಟೇ ಕೇಳಿದಳು. ಎರಡು ಏಟು ಹಾಕಿದ್ದರೂ ಸಮಾಧಾನವಾಗುತ್ತಿತ್ತು. ಆಮೇಲೆ, “ಒಂದು ಸ್ಟೂಲ್ ಕೊಡು. ಕೊನೇ ಸಾಲು ಕೇಳ್ಕೊಂಡು ಹೋಗ್ತೀನಿ.”

“ಅದು ಇಲ್ಲಮ್ಮ. ಹೋಯ್ತು.”

“ಇರುತ್ತೆ. ಮೊದಲು ಕೆಮ್ಮು ನಿಲ್ಲಲಿ.”

ಅಂಗಡಿ ಮುಚ್ಚುವ ತನಕ ಕೂತಿದ್ದಳು. ಮ್ಯಾನೇಜರ್ ಒಂದು ಲೋಟ ನೀರು ತಂದುಕೊಟ್ಟರು. ಹಾಡು ಮುಗಿದಾಗಲೆಲ್ಲ ಅಮ್ಮ ಸ್ಪೀಕರಿನ ಕಡೆ ನೋಡಿ, “ಮುಗೀತಾ? ಇಷ್ಟು ಬೇಗ?” ಎನ್ನುತ್ತಿದ್ದಳು.

ಡಿ. 25

ರಜೆ. ಚರ್ಚಿನಿಂದ ಬಂದು ಊಟ. ಅಮ್ಮ ಕ್ಯಾಸೆಟ್ಟಿನ ಸುದ್ದಿ ಎತ್ತಲಿಲ್ಲ. ನಾಳೆ ಅಂಗಡಿ ಎಷ್ಟಕ್ಕೆ ತೆಗೀತೀರಿ ಎಂದು ಮೂರು ಸಲ ಕೇಳಿದಳು.

ಡಿ. 26, ಊಟದ ಬಿಡುವು

ನನಗಿಂತ ಮೊದಲೇ ಬಂದು ಶಟರಿನ ಮುಂದೆ ನಿಂತಿದ್ದಳು. ಸ್ಟೂಲನ್ನು ತಾನೇ ಎಳೆದುಕೊಂಡು ಸ್ಪೀಕರಿನ ಕೆಳಗೆ ಕೂತಳು.

ಹಾಡುಗಳನ್ನೆಲ್ಲ ರಾತ್ರಿಯೇ ತೆಗೆದುಬಿಟ್ಟಿದ್ದಾರೆ. ಹೆಡ್ ಆಫೀಸಿಗೆ ಹಬ್ಬ ಮುಗಿಯಿತು. ಸ್ಪೀಕರಿನಲ್ಲಿ ಏನೂ ಇಲ್ಲ. ಬೆಳಗಿನಿಂದ ಒಂದು ಸದ್ದೂ ಇಲ್ಲ.

ಹೇಳಲೆಂದು ಹತ್ತಿರ ಹೋದೆ. ಬಾಯಿ ತೆರೆಯುವ ಮೊದಲೇ ಕೈ ಹಿಡಿದುಕೊಂಡಳು.

“ಶ್... ಕೆಮ್ಮು ನಿಂತಿದೆ ನೋಡು. ಈಗ ಹಾಡ್ತಾರೆ.”

ನಾನು ಇನ್ನೊಂದು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತೆ.